ತಲೆಸುತ್ತಿನ ವಿಚಾರ

ಹಿರಿಯೂರಿನಿಂದ ಮೂಡಲಿಗೆ ಆಂಧ್ರದ ಗಡಿಯತ್ತ ಹೋಗುವಾಗ ಸಿಕ್ಕುವ ಧರ್ಮಪುರದ ಸೀಮೆಯಲ್ಲಿ ತಲೆಸುತ್ತೆಂಬುದು ಯಾರ ಮನೆಗೂ ಅಪರಿಚಿತವಾದ ವ್ಯಾಧಿಯಲ್ಲ. ಅಪರಿಚಿತವಲ್ಲವಾದುದರಿಂದಲೇ ಅದನ್ನು ಕುರಿತು ನಿಂತು ಯೋಚಿಸುವವರೂ ಕಡಮೆ. ಮಳೆ ಕೈಕೊಡುವ ಬಯಲು, ಶಿವರಾತ್ರಿ ಕಳೆಯುತ್ತಲೇ ಏರತೊಡಗುವ ಬಿಸಿಲು, ಶೇಂಗಾ ಹೊಲದಲ್ಲಿ ಹೊತ್ತು ಮೂಡಿದಾಗ ಬಗ್ಗಿದ ಬೆನ್ನು ಹೊತ್ತು ಮುಳುಗುವವರೆಗೆ ನೆಟ್ಟಗಾಗದ ದುಡಿಮೆ, ಇವುಗಳ ನಡುವೆ ಒಬ್ಬಾಕೆ ತಲೆ ಹಿಡಿದು ಬದುವಿನ ಮೇಲೆ ಕುಳಿತಳೆಂದರೆ, "ಪಿತ್ತ ಕೆರಳೈತೆ ಕಣವ್ವ, ಒಂದೀಟು ನಿಂಬೆಹಣ್ಣಿನ ಪಾನಕ ಕುಡಿ" ಎಂದು ಪಕ್ಕದ ಸಾಲಿನವರು ಹೇಳುವುದು ವಾಡಿಕೆ. ಈ ಮಾತು ಅನೇಕ ಸಲ ಉಪಕಾರವನ್ನೇ ಮಾಡುತ್ತದೆ. ನೀರು ಕುಡಿಯದೆ ಬಿಸಿಲಿನಲ್ಲಿ ದುಡಿದವರ ಬಳಲಿಕೆ, ಹೆಂಗಸರ ರಕ್ತಹೀನತೆ, ಕುಳಿತವರು ಥಟ್ಟನೆ ಎದ್ದಾಗ ರಕ್ತದ ಒತ್ತಡ ಇಳಿದು ಕಣ್ಣಿಗೆ ಕತ್ತಲೆ ಕಟ್ಟುವುದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಪ್ಪಿಸಿದವರಿಗೆ ಮೈ ನಡುಗಿ ಬೆವರುವುದು, ಇವೆಲ್ಲವೂ ತಲೆಸುತ್ತೆಂಬ ಒಂದೇ ಹೆಸರನ್ನು ಹೊತ್ತು ವೈದ್ಯರ ಮುಂದೆ ಬರುತ್ತವೆ. ಆದರೆ ಪಾನಕಕ್ಕೂ ನೆರಳಿಗೂ ಬಗ್ಗದ ಬೇರೊಂದು ತಲೆಸುತ್ತು ಉಂಟು. ಅದರ ಮೂಲ ಹೊಟ್ಟೆಯಲ್ಲಿಯೂ ಇಲ್ಲ, ಬಿಸಿಲಿನಲ್ಲಿಯೂ ಇಲ್ಲ. ಕಿವಿಯ ಒಳಗಡೆ, ಕಪಾಲದ ಅತ್ಯಂತ ಗಟ್ಟಿಯಾದ ಎಲುಬಿನೊಳಗೆ ಹುದುಗಿರುವ ಒಂದು ನರದಲ್ಲಿದೆ. ಆ ನರದ ವಿಚಾರವಾಗಿ, ಅದು ಕೆಟ್ಟಾಗ ಏನಾಗುವುದೆಂಬ ವಿಚಾರವಾಗಿ, ಮತ್ತು ಅದನ್ನು ವಾಸಿಮಾಡುವ ಕ್ರಮವು ನಮ್ಮಂಥ ಊರುಗಳ ಕೈಗೆ ಎಷ್ಟು ಹತ್ತಿರದಲ್ಲಿದೆಯೆಂಬ ವಿಚಾರವಾಗಿ ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ವ್ಯಾಧಿಯ ಆಕ್ರಮಣ ಹೀಗಿರುತ್ತದೆ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಬೆಳಗ್ಗೆ ಏಳುವಾಗಲೋ, ದನಗಳಿಗೆ ಮೇವು ಹಾಕುವಾಗಲೋ, ಯಾವ ಮುನ್ಸೂಚನೆಯೂ ಇಲ್ಲದೆ, ಮನೆಯೇ ತಿರುಗತೊಡಗಿತೆಂದು ಗೋಡೆಯನ್ನು ಹಿಡಿದುಕೊಳ್ಳುತ್ತಾನೆ. ಸೂರಿನ ತೊಲೆ ಒಂದೇ ದಿಕ್ಕಿಗೆ ಸರಿಯುತ್ತಲೇ ಇರುತ್ತದೆ. ಎಷ್ಟು ಸರಿದರೂ ಮುಗಿಯುವುದಿಲ್ಲ. ಕಣ್ಣು ಮುಚ್ಚಿದರೆ ತಾನೇ ತಿರುಗುತ್ತಿರುವಂತೆ, ತೆರೆದರೆ ಲೋಕ ತಿರುಗುತ್ತಿರುವಂತೆ ಭಾಸವಾಗುತ್ತದೆ. ಹೊಟ್ಟೆಯಲ್ಲಿದ್ದುದೆಲ್ಲ ವಾಂತಿಯಾಗಿ, ಏನೂ ಉಳಿಯದಾದ ಮೇಲೂ ಓಕರಿಕೆ ನಿಲ್ಲದು. ತಲೆಯನ್ನು ಒಂದಂಗುಲ ಅಲುಗಿಸಿದರೂ ಎಲ್ಲವೂ ಇಮ್ಮಡಿಯಾಗುವುದರಿಂದ ಅವನು ಒಂದು ಮಗ್ಗುಲಿಗೆ ಒರಗಿ, ಕಂಬದಂತೆ ಅಲುಗಾಡದೆ ಮಲಗಿಬಿಡುತ್ತಾನೆ. ಎಬ್ಬಿಸಿ ನಿಲ್ಲಿಸಿದರೆ ಒಂದೇ ಪಕ್ಕಕ್ಕೆ ವಾಲುತ್ತಾನೆ. ಇಷ್ಟೆಲ್ಲ ಆದರೂ ಅವನ ಕಿವಿ ಚೆನ್ನಾಗಿ ಕೇಳುತ್ತಿರುತ್ತದೆ, ಮಾತು ತೊದಲುವುದಿಲ್ಲ, ಕೈಕಾಲಿನ ಬಲ ಕುಂದಿರುವುದಿಲ್ಲ, ಬುದ್ಧಿ ಸ್ಫುಟವಾಗಿರುತ್ತದೆ. ಒಂದು ದಿನ, ಎರಡು ದಿನ, ಕೆಲವರಿಗೆ ಮೂರು ದಿನ ಈ ಭ್ರಮಣವು ಎಡೆಬಿಡದೆ ನಡೆದು, ಅನಂತರ ಮೆಲ್ಲನೆ ಇಳಿಯತೊಡಗುತ್ತದೆ. ನಡಿಗೆಯ ಅಸ್ಥಿರತೆ ಮಾತ್ರ ವಾರಗಟ್ಟಲೆ ಉಳಿಯಬಹುದು. ವೈದ್ಯಶಾಸ್ತ್ರವು ಇದನ್ನು ವೆಸ್ಟಿಬ್ಯುಲರ್ ನ್ಯೂರೈಟಿಸ್ ಎಂದು ಕರೆಯುತ್ತದೆ. ಸಮತೋಲನ ನರದ ಉರಿಯೂತವೆಂದು ಹೇಳಿದರೆ ನಮಗೆ ಸಾಕು.

ಶ್ರವಣಕ್ಕೆಂದು ನಾವು ತಿಳಿದಿರುವ ಕಿವಿಯಲ್ಲಿ ಶ್ರವಣಕ್ಕೆ ಸಂಬಂಧಪಡದ ಮತ್ತೊಂದು ಇಂದ್ರಿಯವಿದೆಯೆಂಬುದು ಬಹುಜನಕ್ಕೆ ಆಶ್ಚರ್ಯದ ಸಂಗತಿ. ಒಳಗಿವಿಯಲ್ಲಿ ಒಂದಕ್ಕೊಂದು ಸುಮಾರಾಗಿ ಲಂಬವಾಗಿ ನಿಂತಿರುವ, ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ತಲೆ ಯಾವ ದಿಕ್ಕಿಗೆ ಹೊರಳಿದರೂ ಈ ಮೂರರಲ್ಲಿ ಒಂದರ ದ್ರವವಾದರೂ ಹಿಂದೆ ಬಿದ್ದು, ಅಲ್ಲಿಯ ಸೂಕ್ಷ್ಮವಾದ ರೋಮಕೋಶಗಳನ್ನು ಬಾಗಿಸುತ್ತದೆ. ನಾಳಗಳ ಬುಡದಲ್ಲಿ ಎರಡು ಸಣ್ಣ ಚೀಲಗಳಿದ್ದು, ಅವುಗಳಲ್ಲಿ ಸುಣ್ಣದ ಅಂಶದಿಂದಾದ ಅತಿ ಸೂಕ್ಷ್ಮ ಹರಳುಗಳು ಒಂದು ಲೋಳೆಯ ಪದರದ ಮೇಲೆ ಕುಳಿತಿವೆ. ಮೇಲು ಕೆಳಗುಗಳನ್ನೂ ಮುಂದು ಹಿಂದುಗಳನ್ನೂ ಅರಿಯುವುದು ಈ ಹರಳುಗಳ ಭಾರದಿಂದ. ಇಲ್ಲಿಂದ ಹೊರಟ ಸುದ್ದಿಯನ್ನು ಮೆದುಳಿನ ಕಾಂಡಕ್ಕೆ ಮುಟ್ಟಿಸುವುದು ಎಂಟನೆಯ ಕಪಾಲನರದ ಒಂದು ಕವಲು. ಅದೇ ನರದ ಇನ್ನೊಂದು ಕವಲು ಶಬ್ದವನ್ನು ಒಯ್ಯುತ್ತದೆ. ಎರಡೂ ಒಂದೇ ಎಲುಬಿನ ಕಾಲುವೆಯಲ್ಲಿ ಜೊತೆಯಾಗಿ ಸಾಗಿದರೂ ಒಂದು ಬೇನೆಗೆ ಬಿದ್ದಾಗ ಇನ್ನೊಂದು ಕ್ಷೇಮವಾಗಿರಬಹುದಾದ್ದರಿಂದಲೇ ಮೇಲೆ ಹೇಳಿದ ರೋಗಿಗೆ ಕಿವಿ ಕೇಳುತ್ತಿರುತ್ತದೆ.

ಇಷ್ಟು ಸಣ್ಣ ನರ ಕೆಟ್ಟರೆ ಇಷ್ಟು ದೊಡ್ಡ ಅನಾಹುತವೇಕೆ ಎಂಬುದಕ್ಕೆ ನಮ್ಮ ಎತ್ತಿನ ಗಾಡಿಯೇ ಉತ್ತರ ಹೇಳಬಲ್ಲುದು. ಎರಡು ಎತ್ತುಗಳು ಸಮವಾಗಿ ಎಳೆಯುವವರೆಗೆ ಗಾಡಿ ನೆಟ್ಟಗೆ ಹೋಗುತ್ತದೆ. ಎಡಗಡೆಯ ಎತ್ತು ಕುಸಿದು ಬಲಗಡೆಯದು ಎಳೆಯುತ್ತಲೇ ಇದ್ದರೆ ನೊಗ ಸೊಟ್ಟಗಾಗಿ ಗಾಡಿ ತಿರುಗಿಬಿಡುತ್ತದೆ. ಎಡ ಬಲ ಕಿವಿಗಳ ಸಮತೋಲನ ನರಗಳು ನಾವು ಅಲುಗಾಡದೆ ಕುಳಿತಿರುವಾಗಲೂ ಸುಮ್ಮನಿರುವುದಿಲ್ಲ. ಸೆಕೆಂಡಿಗೆ ನೂರರ ಆಸುಪಾಸಿನ ಸ್ಪಂದನಗಳನ್ನು ಎರಡೂ ಸಮನಾಗಿ ಕಳುಹಿಸುತ್ತಲೇ ಇರುತ್ತವೆ. ತಲೆಯನ್ನು ಬಲಕ್ಕೆ ತಿರುಗಿಸಿದರೆ ಬಲದ ನರ ಹೆಚ್ಚಿಸುತ್ತದೆ, ಎಡದ್ದು ಇಳಿಸುತ್ತದೆ. ಈ ವ್ಯತ್ಯಾಸವನ್ನೇ ಮೆದುಳು ತಿರುಗುವಿಕೆಯೆಂದು ಓದಿಕೊಳ್ಳುತ್ತದೆ. ಎಡದ ನರ ಬೇನೆಯಿಂದ ಸ್ತಬ್ಧವಾದರೆ ಮೆದುಳಿಗೆ ಬಲದ ಸುದ್ದಿಯೊಂದೇ ಮುಟ್ಟಿ, ಮಲಗಿರುವ ಮನುಷ್ಯನನ್ನು ಅದು ಬಲಕ್ಕೆ ತಿರುಗುತ್ತಿರುವವನೆಂದು ನಂಬುತ್ತದೆ. ಆ ನಂಬಿಕೆಗೆ ತಕ್ಕಂತೆ ಕಣ್ಣುಗಳನ್ನು ಎಡಕ್ಕೆ ಮೆಲ್ಲಗೆ ಜಾರಿಸಿ, ಮತ್ತೆ ಬಲಕ್ಕೆ ಚಿಮ್ಮಿಸುತ್ತದೆ. ಕಣ್ಣಿನ ಈ ಅಲುಗಾಟವನ್ನು ನಿಸ್ಟಾಗ್ಮಸ್ ಎನ್ನುತ್ತಾರೆ. ರೋಗಿಯ ಮುಖದ ಮುಂದೆ ಕುಳಿತು ಗಮನವಿಟ್ಟು ನೋಡಿದರೆ ಯಾರಿಗಾದರೂ ಇದು ಕಾಣುತ್ತದೆ: ಕಪ್ಪುಗುಡ್ಡೆ ಒಂದು ಕಡೆಗೆ ಸರಿಯುವುದು, ಥಟ್ಟನೆ ಹಿಂದಕ್ಕೆ ಹಾರುವುದು, ಮತ್ತೆ ಸರಿಯುವುದು. ಚಿಮ್ಮುವುದು ಆರೋಗ್ಯವಾಗಿರುವ ಕಿವಿಯ ಕಡೆಗೆ, ಮೈ ವಾಲುವುದು ಕೆಟ್ಟ ಕಿವಿಯ ಕಡೆಗೆ.

ನರಕ್ಕೆ ಈ ಬೇನೆ ಹತ್ತುವುದೇಕೆಂಬ ಪ್ರಶ್ನೆಗೆ ವೈದ್ಯರು ಕೊಡುವ ಉತ್ತರ ವೈರಸ್ಸು. ಕೆಲವರಲ್ಲಿ ನೆಗಡಿಯೋ ಜ್ವರವೋ ಬಂದುಹೋದ ಕೆಲವು ದಿನಗಳ ಮೇಲೆ ಇದು ತೋರುತ್ತದೆ. ತುಟಿಯ ಮೇಲೆ ಜ್ವರದ ಗುಳ್ಳೆಯನ್ನೆಬ್ಬಿಸುವ ಹರ್ಪೀಸ್ ವೈರಸ್ಸು ಬಾಲ್ಯದಲ್ಲಿಯೇ ಬಹುಜನರ ಶರೀರವನ್ನು ಹೊಕ್ಕು ನರಗಂಟುಗಳಲ್ಲಿ ನಿದ್ರಿಸುತ್ತಿರುತ್ತದೆ. ಸಮತೋಲನ ನರದ ಗಂಟಿನಲ್ಲಿಯೂ ಅದರ ಅಂಶವನ್ನು ಶವಪರೀಕ್ಷೆಗಳಲ್ಲಿ ಕಂಡಿದ್ದಾರೆ. ಅದು ಯಾವುದೋ ಕಾರಣದಿಂದ ಎಚ್ಚೆತ್ತು ನರವನ್ನು ಊದಿಸುತ್ತದೆಯೆಂಬುದು ಪ್ರಬಲವಾದ ಅನುಮಾನ. ಈ ನರದಲ್ಲಿಯೂ ಮೇಲಿನ ಎಳೆ, ಕೆಳಗಿನ ಎಳೆ ಎಂದು ಎರಡು ಭಾಗಗಳಿದ್ದು, ಹೆಚ್ಚಾಗಿ ಕೆಡುವುದು ಮೇಲಿನದು. ಅದು ಹಾಯುವ ಎಲುಬಿನ ದಾರಿ ಇಕ್ಕಟ್ಟಾದುದೂ ಉದ್ದವಾದುದೂ ಆಗಿರುವುದರಿಂದ ಸ್ವಲ್ಪ ಊದಿಕೊಂಡರೂ ನರ ಹಿಸುಕಿಹೋಗುತ್ತದೆ. ಈ ವ್ಯಾಧಿ ಒಬ್ಬರಿಗೆ ಮರುಕಳಿಸುವುದು ಅಪರೂಪ. ಆದುದರಿಂದ ತಿಂಗಳಿಗೊಮ್ಮೆ ಇದೇ ರೋಗ ಬರುತ್ತದೆಯೆಂದು ಯಾರಾದರೂ ಹೇಳಿದರೆ ಅಲ್ಲಿ ಬೇರೆ ರೋಗವನ್ನು ಹುಡುಕುವುದು ವಿಹಿತ.

ಇದೆಲ್ಲ ಮನುಷ್ಯನಿಗೆ ತಿಳಿದುಬಂದ ಕಥೆ ಬಹು ರಮ್ಯವಾಗಿದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಫ್ಲೂರಾನ್ಸ್ ಎಂಬ ಫ್ರೆಂಚ್ ವಿಜ್ಞಾನಿ ಪಾರಿವಾಳಗಳ ಒಳಗಿವಿಯ ನಾಳಗಳನ್ನು ಕತ್ತರಿಸಿ, ಅವು ಕಿವುಡಾಗದೆ ಗಿರಗಿರನೆ ಸುತ್ತುವುದನ್ನು ಕಂಡನು. 1861ರಲ್ಲಿ ಪ್ಯಾರಿಸ್ಸಿನ ಮೆನಿಯೇರ್ ಎಂಬ ವೈದ್ಯನು, ಅಲ್ಲಿಯವರೆಗೆ ಮೆದುಳಿನ ರಕ್ತಾಧಿಕ್ಯವೆಂದು ತಿಳಿದು ರಕ್ತ ತೆಗೆದು ಚಿಕಿತ್ಸೆ ಮಾಡುತ್ತಿದ್ದ ತಲೆಸುತ್ತು ಕಿವಿಯಿಂದ ಹುಟ್ಟಬಲ್ಲುದೆಂದು ಸಾರಿದನು. ಆಮೇಲೆ, ನಮ್ಮ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟಿ ಮುಗಿಸುತ್ತಿದ್ದ ಕಾಲದಲ್ಲಿಯೇ, ವಿಯೆನ್ನಾ ನಗರದಲ್ಲಿ ರಾಬರ್ಟ್ ಬಾರಾನಿ ಎಂಬ ತರುಣ ವೈದ್ಯನು ರೋಗಿಗಳ ಕಿವಿಯನ್ನು ಪಿಚಕಾರಿಯಿಂದ ತೊಳೆಯುತ್ತಿದ್ದಾಗ, ನೀರು ತಣ್ಣಗಿದ್ದರೆ ತಲೆ ಸುತ್ತುತ್ತದೆಂದು ಒಬ್ಬ ರೋಗಿ ದೂರಿದನು. ಬಾರಾನಿ ನೀರನ್ನು ಬಿಸಿಮಾಡಿಸಿದನು. ತುಸು ಹೆಚ್ಚಾಗಿಯೇ ಬಿಸಿಯಾಯಿತು. ಆಗಲೂ ತಲೆ ಸುತ್ತಿತು. ಆದರೆ ಕಣ್ಣು ಚಿಮ್ಮುವ ದಿಕ್ಕು ಈ ಸಲ ಮೊದಲಿನದಕ್ಕೆ ವಿರುದ್ಧವಾಗಿತ್ತು. ನೀರು ಕಾಯಿಸುವ ಪಾತ್ರೆಯಲ್ಲಿ ಬಿಸಿಯಾದದ್ದು ಮೇಲಕ್ಕೇರಿ ತಣ್ಣಗಿನದು ಕೆಳಗಿಳಿಯುವಂತೆ ಕಿವಿಯ ನಾಳದೊಳಗಿನ ದ್ರವವೂ ಚಲಿಸುತ್ತದೆಯೆಂದು ಅವನಿಗೆ ಹೊಳೆಯಿತು. ಬಿಸಿನೀರು ತಣ್ಣೀರುಗಳಿಂದ ಒಂದೊಂದು ಕಿವಿಯ ಸಮತೋಲನ ಶಕ್ತಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ವಿಧಾನ ಹುಟ್ಟಿದುದು ಹೀಗೆ. ದೊಡ್ಡ ಆಸ್ಪತ್ರೆಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಬಾರಾನಿಗೆ 1914ನೆಯ ವರ್ಷದ ನೊಬೆಲ್ ಪಾರಿತೋಷಕ ಸಂದಾಗ ಅವನು ಮಹಾಯುದ್ಧದ ಕೈದಿಯಾಗಿ ರಷ್ಯಾದವರ ಸೆರೆಯಲ್ಲಿದ್ದನು. ಸ್ವೀಡನ್ನಿನ ರಾಜಕುಮಾರ ಕಾರ್ಲನು ರೆಡ್‌ಕ್ರಾಸಿನ ಪರವಾಗಿ ಮಾತನಾಡಿದ ಮೇಲೆ 1916ರಲ್ಲಿ ಬಿಡುಗಡೆಯಾಗಿ ಹೋಗಿ ಅದನ್ನು ಪಡೆದನು. ಒಬ್ಬ ರೋಗಿಯ ದೂರನ್ನು ಅಲ್ಲಗಳೆಯದೆ ಕಿವಿಗೊಟ್ಟು ಕೇಳಿದ್ದರಿಂದ ಇಷ್ಟು ವಿದ್ಯೆ ಬೆಳೆಯಿತೆಂಬುದನ್ನು ನಾನು ಎಂದೂ ಮರೆಯಲಾರೆ.

ಈಗ ಅತ್ಯಂತ ಜಾಗರೂಕತೆಯಿಂದ ಹೇಳಬೇಕಾದ ಮಾತಿಗೆ ಬರುತ್ತೇನೆ. ಮೆದುಳಿನ ಹಿಂಭಾಗದಲ್ಲಿರುವ ಕಿರುಮೆದುಳಿಗೆ ಅಥವಾ ಮೆದುಳಿನ ಕಾಂಡಕ್ಕೆ ರಕ್ತದ ಹರಿವು ಕಟ್ಟಿಕೊಂಡು ಪಾರ್ಶ್ವವಾಯು ಆದಾಗಲೂ ಮೇಲೆ ವರ್ಣಿಸಿದಂಥ ತಲೆಸುತ್ತೇ ಬರಬಹುದು. ಕೈಕಾಲು ಬೀಳದೆ, ಬಾಯಿ ಸೊಟ್ಟಗಾಗದೆ, ಕೇವಲ ತಲೆಸುತ್ತು ವಾಂತಿಗಳ ವೇಷದಲ್ಲಿ ಬರಬಹುದು. ನರದ ಬೇನೆಯಿಂದ ಪ್ರಾಣಕ್ಕೆ ಅಪಾಯವಿಲ್ಲ, ಇದರಿಂದ ಉಂಟು. ಎರಡನ್ನೂ ಬೇರ್ಪಡಿಸುವುದಕ್ಕೆ ದೊಡ್ಡ ಯಂತ್ರವೇ ಬೇಕೆಂದು ತಿಳಿಯುವುದು ಸಹಜ. ಆದರೆ ಸಿ.ಟಿ. ಸ್ಕ್ಯಾನು ಈ ಭಾಗದ ಹೊಸ ಪಾರ್ಶ್ವವಾಯುವನ್ನು ಬಹುಪಾಲು ತೋರಿಸುವುದೇ ಇಲ್ಲ; ಎಂ.ಆರ್.ಐ. ಕೂಡ ಮೊದಲ ಒಂದೆರಡು ದಿನಗಳಲ್ಲಿ ಕೆಲವನ್ನು ತಪ್ಪಿಸಿಬಿಡುತ್ತದೆ. ಹಾಗಿರುವಾಗ ನುರಿತ ವೈದ್ಯನ ಎರಡು ಕೈಗಳೂ ಎರಡು ಕಣ್ಣುಗಳೂ ಯಂತ್ರಕ್ಕಿಂತ ಹೆಚ್ಚು ಹೇಳಬಲ್ಲವೆಂಬುದನ್ನು 2009ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನವು ತೋರಿಸಿಕೊಟ್ಟಿತು.

ಆ ಪರೀಕ್ಷೆಯಲ್ಲಿ ಮುಖ್ಯವಾದದ್ದನ್ನು, 1988ರಲ್ಲಿ ಹಾಲ್ಮಾಗಿ ಮತ್ತು ಕರ್ಥಾಯ್ಸ್ ಎಂಬಿಬ್ಬರು ಆಸ್ಟ್ರೇಲಿಯದಲ್ಲಿ ವಿವರಿಸಿದ ಕ್ರಮವನ್ನು, ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವೆನು. ವೈದ್ಯನು ರೋಗಿಯ ಎದುರಿಗೆ ಕುಳಿತು, ಅವನ ತಲೆಯನ್ನು ಎರಡು ಕೈಗಳಲ್ಲಿಯೂ ಮೃದುವಾಗಿ ಹಿಡಿದು, "ನನ್ನ ಮೂಗಿನ ತುದಿಯನ್ನೇ ನೋಡಪ್ಪ, ಕಣ್ಣು ಕೀಳಬೇಡ" ಎನ್ನುತ್ತಾನೆ. ಆಮೇಲೆ, ಅವನಿಗೆ ಮೊದಲೇ ತಿಳಿಯದಂತೆ, ತಲೆಯನ್ನು ಒಂದು ಪಕ್ಕಕ್ಕೆ ಸ್ವಲ್ಪವೇ, ಆದರೆ ಚುರುಕಾಗಿ ಹೊರಳಿಸುತ್ತಾನೆ. ಆರೋಗ್ಯವಾದ ಕಿವಿಯ ಕಡೆಗಾದರೆ ತಲೆ ಹೊರಳಿದಷ್ಟೇ ಕಣ್ಣು ಎದುರು ದಿಕ್ಕಿಗೆ ಸರಿದು, ನೋಟ ಮೂಗಿನ ತುದಿಯಲ್ಲಿಯೇ ನೆಟ್ಟಿರುತ್ತದೆ; ಕಿವಿಯ ಸುದ್ದಿ ಕಣ್ಣಿನ ಸ್ನಾಯುವನ್ನು ಮುಟ್ಟುವುದಕ್ಕೆ ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗ ಸಾಕು. ನರ ಕೆಟ್ಟ ಕಡೆಗೆ ಹೊರಳಿಸಿದಾಗಲಾದರೋ ಕಣ್ಣು ತಲೆಯೊಡನೆಯೇ ಹೋಗಿಬಿಟ್ಟು, ಮರುಕ್ಷಣ ತಪ್ಪನ್ನರಿತು ಮೂಗಿನ ತುದಿಗೆ ಹಾರಿ ಬರುತ್ತದೆ. ಆ ಹಾರಾಟ ಕಂಡರೆ ದೋಷ ನರದಲ್ಲಿದೆಯೆಂದು ಸಮಾಧಾನಪಟ್ಟುಕೊಳ್ಳಬಹುದು. ಎಡೆಬಿಡದೆ ತಲೆ ಸುತ್ತುತ್ತಿರುವಾಗಲೂ ಈ ಪರೀಕ್ಷೆ ಎರಡು ಕಡೆಯಲ್ಲಿಯೂ ಸರಿಯಾಗಿಯೇ ಬಂದರೆ, ಅದೇ ಭಯದ ಚಿಹ್ನೆ; ಕಿವಿಯೂ ನರವೂ ನೆಟ್ಟಗಿರುವುದರಿಂದ ಕೆಟ್ಟಿರುವುದು ಮೆದುಳೆಂದಾಯಿತು. ಎಡಕ್ಕೆ ನೋಡುವಾಗ ಎಡಕ್ಕೂ ಬಲಕ್ಕೆ ನೋಡುವಾಗ ಬಲಕ್ಕೂ ಕಣ್ಣು ಚಿಮ್ಮುವುದು, ಒಂದು ಕಣ್ಣು ಇನ್ನೊಂದಕ್ಕಿಂತ ಮೇಲಕ್ಕೋ ಕೆಳಕ್ಕೋ ಸರಿದಿರುವುದು, ಇವೂ ಮೆದುಳಿನ ಕಡೆಗೇ ಬೆರಳು ಮಾಡುತ್ತವೆ. ಈ ಪರೀಕ್ಷೆ ತಲೆಸುತ್ತು ನಡೆಯುತ್ತಿರುವ ಕಾಲದಲ್ಲಿ, ಅಭ್ಯಾಸವುಳ್ಳ ವೈದ್ಯನಿಂದ ನಡೆಯತಕ್ಕದ್ದು. ಮನೆಯವರು ರೋಗಿಯ ಕತ್ತನ್ನು ಹಿಡಿದು ತಿರುಗಿಸತಕ್ಕದ್ದಲ್ಲ.

ಮನೆಯವರು ತಿಳಿದಿರಬೇಕಾದ್ದು ಬೇರೆ. ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ನುಂಗಲು ಕಷ್ಟವಾದರೆ, ಮುಖವೋ ಕೈಕಾಲೋ ಜೋಮು ಹಿಡಿದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ, ಒಂದು ಕಿವಿ ಥಟ್ಟನೆ ಕಿವುಡಾದರೆ, ಅಥವಾ ಆಸರೆಯಿಲ್ಲದೆ ನಿಲ್ಲಲೇ ಆಗದಿದ್ದರೆ, ಪಾನಕ ಕಷಾಯಗಳಲ್ಲಿ ಒಂದು ಗಳಿಗೆಯನ್ನೂ ಕಳೆಯದೆ 108ಕ್ಕೆ ಫೋನು ಮಾಡತಕ್ಕದ್ದು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಧರ್ಮಪುರದಿಂದ ಹಿರಿಯೂರು, ಹಿರಿಯೂರಿನಿಂದ ಚಿತ್ರದುರ್ಗ, ಅಲ್ಲಿಂದ ದಾವಣಗೆರೆಯೋ ಬೆಂಗಳೂರೋ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತ ಹೋದರೆ ಅಷ್ಟು ಹೊತ್ತು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿಯ ಚಟ ಇರುವ ಮಧ್ಯವಯಸ್ಸು ದಾಟಿದವರಲ್ಲಿ ಈ ಶಂಕೆಯನ್ನು ಇನ್ನೂ ಬಲವಾಗಿ ಇಟ್ಟುಕೊಳ್ಳಬೇಕು.

ನರದ ಬೇನೆಯೆಂದು ನಿಶ್ಚಯವಾದ ಮೇಲೆ ಚಿಕಿತ್ಸೆ ಸರಳ. ಮೊದಲ ಒಂದೆರಡು ದಿನ ವಾಂತಿಯನ್ನೂ ಭ್ರಮಣವನ್ನೂ ತಗ್ಗಿಸುವ ಔಷಧಿ, ನೀರಿನಂಶ ಕಳೆದುಹೋಗಿದ್ದರೆ ರಕ್ತನಾಳದ ಮೂಲಕ ದ್ರವ, ಮತ್ತು ವೈದ್ಯರಿಗೆ ಉಚಿತವೆಂದು ತೋರಿದರೆ ಆದಷ್ಟು ಬೇಗನೆ ಕೆಲವು ದಿನಗಳ ಸ್ಟೀರಾಯ್ಡ್. 2004ರಲ್ಲಿ ಪ್ರಕಟವಾದ ಒಂದು ಜರ್ಮನ್ ಪ್ರಯೋಗದಲ್ಲಿ, ಮೂರು ದಿನಗಳೊಳಗೆ ಸ್ಟೀರಾಯ್ಡ್ ಆರಂಭಿಸಿದವರ ನರ ಹೆಚ್ಚು ಶಕ್ತಿಯನ್ನು ಮರಳಿ ಪಡೆಯಿತೆಂದೂ, ವೈರಸ್ಸಿನ ವಿರುದ್ಧದ ಔಷಧಿಯಿಂದ ಅಂಥ ಪ್ರಯೋಜನ ಕಾಣಲಿಲ್ಲವೆಂದೂ ತಿಳಿದುಬಂದಿತು. ಸಕ್ಕರೆ ಕಾಯಿಲೆಯವರಿಗೆ ಇದನ್ನು ಕೊಡುವಾಗ ಎಚ್ಚರ ಬೇಕು. ಇಲ್ಲಿಯವರೆಗೆ ವಿವಾದವಿಲ್ಲ. ನಮ್ಮ ಕಡೆ ಅನ್ಯಾಯ ಆರಂಭವಾಗುವುದು ಇದರ ಮುಂದೆ.

ಆ ಅನ್ಯಾಯಕ್ಕೆ ಮೊದಲ ಹೆಸರು ಬಾಟ್ಲಿ. ತಲೆಸುತ್ತೆಂದು ಹೋದವನಿಗೆ ಒಂದು ಬಾಟ್ಲಿ ಗ್ಲೂಕೋಸು ಏರಿಸದೆ ಕಳುಹಿಸಿದರೆ ವೈದ್ಯನೇ ಅಲ್ಲವೆಂಬ ಭಾವನೆ ಬೇರೂರಿಬಿಟ್ಟಿದೆ. ಬಾಟ್ಲಿಗೆ ಕೊಟ್ಟ ಹಣದಿಂದ ನರಕ್ಕೆ ಆಗುವ ಉಪಕಾರ ಏನೂ ಇಲ್ಲ. ಎರಡನೆಯದು ಮಾತ್ರೆ. ಮೊದಲ ಎರಡು ಮೂರು ದಿನಕ್ಕೆಂದು ಬರೆದುಕೊಟ್ಟ ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮುಂತಾದ ಗುಳಿಗೆಗಳನ್ನು ಹಳೆಯ ಚೀಟಿಯನ್ನೇ ಔಷಧಿ ಅಂಗಡಿಯಲ್ಲಿ ತೋರಿಸಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗುತ್ತಾರೆ. ಈ ಗುಳಿಗೆಗಳು ಸಮತೋಲನದ ಸುದ್ದಿಯನ್ನು ಮಂಕುಮಾಡಿ ಭ್ರಮಣವನ್ನು ಇಳಿಸುತ್ತವೆ. ಮೆದುಳು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬೇಕಾದರೆ ಆ ಸುದ್ದಿಯೇ ಅದಕ್ಕೆ ಬೇಕು. ಹೀಗಾಗಿ ಕ್ಷಣಿಕ ಸುಖಕ್ಕಾಗಿ ದೀರ್ಘಕಾಲದ ವಾಸಿಯನ್ನು ಮಾರಿಕೊಂಡಂತಾಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಮುದುಕರಲ್ಲಿ ಇವುಗಳ ದೀರ್ಘಬಳಕೆಯಿಂದ ಕೈ ನಡುಗಿ, ಮುಖ ಜಡವಾಗಿ, ಹೆಜ್ಜೆ ಕಿರಿದಾಗಿ, ಪಾರ್ಕಿನ್ಸನ್ ರೋಗದ ಪ್ರತಿರೂಪವೇ ತಲೆದೋರುತ್ತದೆ. ಅದಕ್ಕೆಂದು ಮತ್ತೊಂದು ಮಾತ್ರೆ ಶುರುವಾಗುತ್ತದೆ. ಮನೆಯಲ್ಲಿ ಹಿರಿಯರು ಯಾರಾದರೂ ತಲೆಸುತ್ತಿನ ಗುಳಿಗೆಯನ್ನು ತಿಂಗಳುಗಳಿಂದ ನುಂಗುತ್ತಿದ್ದರೆ, ಆ ಚೀಟಿಯನ್ನು ಈ ವಾರವೇ ವೈದ್ಯರಿಗೆ ತೋರಿಸಿ ಮುಂದುವರಿಸಬೇಕೇ ಎಂದು ಕೇಳಿರೆಂದು ನಾನು ಕೈಮುಗಿದು ಬೇಡುತ್ತೇನೆ.

ಮೂರನೆಯದು ಹಾಸಿಗೆ. ಅಲುಗಾಡಿದರೆ ಸುತ್ತುವುದೆಂದು ರೋಗಿ ಮಲಗಿಯೇ ಇರಲು ಬಯಸುತ್ತಾನೆ, ಮನೆಯವರೂ ವಾತ್ಸಲ್ಯದಿಂದ ಮಲಗಿಸಿಯೇ ಇಡುತ್ತಾರೆ. ಈ ವ್ಯಾಧಿಯ ನಿಜವಾದ ಔಷಧಿ ಚಲನೆ. ಸತ್ತ ನರ ಪೂರ್ಣವಾಗಿ ಬದುಕದಿದ್ದರೂ ಕಿರುಮೆದುಳು ಉಳಿದ ಒಂದು ಕಿವಿಯಿಂದಲೂ, ಕಣ್ಣಿನಿಂದಲೂ, ಪಾದದಡಿಯ ಸ್ಪರ್ಶದಿಂದಲೂ ಹೊಸ ಲೆಕ್ಕವನ್ನು ಹಾಕಿಕೊಂಡು ದೇಹವನ್ನು ನೆಟ್ಟಗೆ ನಿಲ್ಲಿಸುವ ವಿದ್ಯೆಯನ್ನು ಕಲಿಯುತ್ತದೆ. ಆದರೆ ಆ ಕಲಿಕೆಗೆ ತಲೆ ಅಲುಗಬೇಕು, ತಪ್ಪು ಆಗಬೇಕು, ತಿದ್ದಬೇಕು. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ವೈದ್ಯರು, ತಲೆಗೆ ಪೆಟ್ಟು ಬಿದ್ದ ಸೈನಿಕರಲ್ಲಿ ಹೆಚ್ಚು ಓಡಾಡಿದವರು ಬೇಗ ಗುಣವಾಗುವುದನ್ನು ಕಂಡು ರೂಪಿಸಿದ ವ್ಯಾಯಾಮಗಳೇ ಇಂದಿಗೂ ಇದರ ಚಿಕಿತ್ಸೆಗೆ ತಳಹದಿ. ಮೊದಲು ಕುಳಿತಲ್ಲಿಯೇ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುವುದು. ಆಮೇಲೆ ಬೆರಳು ನಿಂತಿರಲು, ನೋಟ ಅದರಲ್ಲಿಯೇ ಇರಲು, ತಲೆಯನ್ನು ಮಾತ್ರ ಎಡಬಲಕ್ಕೆ, ಮೇಲೆ ಕೆಳಗೆ ಆಡಿಸುವುದು. ಮುಂದೆ ಬಗ್ಗಿ ನೆಲದ ವಸ್ತುವನ್ನು ಎತ್ತುವುದು, ಕಣ್ಣು ತೆರೆದು ಮತ್ತು ಮುಚ್ಚಿ ಕುಳಿತೇಳುವುದು. ಕೊನೆಗೆ ನಡೆಯುತ್ತ ನಡೆಯುತ್ತ ತಲೆ ತಿರುಗಿಸಿ ಪಕ್ಕದವರೊಡನೆ ಮಾತನಾಡುವುದು. ಮಾಡುವಾಗ ಸ್ವಲ್ಪ ತಲೆ ಸುತ್ತಲೇಬೇಕು. ಸುತ್ತಿತೆಂದು ಬಿಡುವುದು ತಪ್ಪು. ಧರ್ಮಪುರದ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಮಗನದೋ ಸೊಸೆಯದೋ ಕೈ ಹಿಡಿದು ನಡೆಯುವುದಕ್ಕೆ ಯಾವ ಖರ್ಚೂ ಇಲ್ಲ, ಮತ್ತು ಯಾವ ದುಬಾರಿ ಗುಳಿಗೆಯೂ ಅದಕ್ಕೆ ಸಮವಲ್ಲ. ಸಮತಟ್ಟಾದ ಜಾಗದಲ್ಲಿ ಧೈರ್ಯ ಬಂದ ಮೇಲೆ ಉತ್ತ ಹೊಲದ ಹೆಂಟೆಗಳ ಮೇಲೆ ನಡೆಯಬೇಕು. ಆದರೆ ಪೂರ್ತಿ ಸ್ಥಿರತೆ ಬರುವವರೆಗೆ ಬೈಕು, ಟ್ರ್ಯಾಕ್ಟರು, ಏಣಿ, ತೆರೆದ ಬಾವಿಯ ಕಟ್ಟೆ, ತೆಂಗಿನ ಮರ ಇವುಗಳಿಂದ ದೂರವಿರತಕ್ಕದ್ದು.

ತಲೆಸುತ್ತಿನ ಉಳಿದ ಬಗೆಗಳನ್ನು ಗುರುತಿಸುವ ಕೀಲಿಕೈ ಕಾಲಾವಧಿಯಲ್ಲಿದೆ. ದಿನಗಟ್ಟಲೆ ಎಡೆಬಿಡದೆ ಇರುವುದು ನರದ ಉರಿಯೂತ. ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆಗಳವರೆಗೆ ಇದ್ದು, ಜೊತೆಗೆ ಒಂದು ಕಿವಿ ಮಂದವಾಗಿ, ಗುಂಯ್‌ಗುಟ್ಟಿ, ಮತ್ತೆ ಮತ್ತೆ ಮರಳುವುದು ಮೆನಿಯೇರನ ಕಾಯಿಲೆ. ಅದರಲ್ಲಿ ಉಪ್ಪು ಕಡಮೆ ಮಾಡಬೇಕೆಂಬ ಸಲಹೆಯುಂಟು. ಅರೆತಲೆನೋವಿನ ವಂಶದವರಲ್ಲಿ ಬೆಳಕು ಸದ್ದುಗಳ ಅಸಹನೆಯೊಡನೆ ಬರುವುದು ಮೈಗ್ರೇನಿನ ತಲೆಸುತ್ತು. ದಿನಕ್ಕೆ ಹಲವಾರು ಸಲ ಕೆಲವೇ ಸೆಕೆಂಡುಗಳ ಕಾಲ ಮಿಂಚಿನಂತೆ ಬಂದುಹೋಗುವ ಒಂದು ಅಪರೂಪದ ಬಗೆ ಇದೆ: ಮೆದುಳಿನ ಕಾಂಡದ ಬಳಿ ರಕ್ತನಾಳದ ಒಂದು ಕುಣಿಕೆ ಎಂಟನೆಯ ನರವನ್ನು ಒತ್ತುತ್ತಿರುತ್ತದೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜಪಿನ್ ಸಣ್ಣ ಪ್ರಮಾಣದಲ್ಲಿಯೇ ಅದನ್ನು ಹತೋಟಿಗೆ ತರುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಹಾಸಿಗೆಯಲ್ಲಿ ಮಗ್ಗುಲಾದಾಗ, ಅಟ್ಟದ ಮೇಲಿನ ಡಬ್ಬಿಗೆ ಮುಖವೆತ್ತಿದಾಗ, ಒಂದು ನಿಮಿಷದೊಳಗೆ ಬಂದು ಮುಗಿಯುವ ತಲೆಸುತ್ತು. ನಾನು ಮೊದಲು ಹೇಳಿದ ಸುಣ್ಣದ ಹರಳುಗಳು ತಮ್ಮ ಪದರದಿಂದ ಕಳಚಿ ನಾಳದೊಳಗೆ ಹೊಕ್ಕಿರುವುದೇ ಇದಕ್ಕೆ ಕಾರಣ; ನರದ ಉರಿಯೂತವಾದವರಲ್ಲಿಯೂ ಕೆಲವರಿಗೆ ಮುಂದೆ ಇದು ಗಂಟುಬೀಳುತ್ತದೆ. 1952ರಲ್ಲಿ ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಇದನ್ನು ಪತ್ತೆಹಚ್ಚುವ ಕ್ರಮವನ್ನೂ, 1992ರಲ್ಲಿ ಅಮೆರಿಕದ ಜಾನ್ ಎಪ್ಲಿ ಇದನ್ನು ಗುಣಪಡಿಸುವ ಕ್ರಮವನ್ನೂ ಪ್ರಕಟಿಸಿದರು. ರೋಗಿಯನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಕೆಟ್ಟ ಕಿವಿಯ ಕಡೆಗೆ ಓರೆಯಾಗಿ ತಿರುಗಿಸಿ, ತಲೆ ಮಂಚದಂಚಿನಿಂದ ಸ್ವಲ್ಪ ಕೆಳಗಿಳಿಯುವಂತೆ ಬೇಗನೆ ಮಲಗಿಸುತ್ತಾರೆ. ಕಣ್ಣು ಚಿಮ್ಮಿ, ತಲೆ ಸುತ್ತಿ ಶಮನವಾಗುವವರೆಗೆ ಕಾದು, ತಲೆಯನ್ನು ಇನ್ನೊಂದು ಪಕ್ಕಕ್ಕೆ, ಆಮೇಲೆ ಮೈಯನ್ನೂ ಸೇರಿಸಿ ಅದೇ ದಿಕ್ಕಿಗೆ ನೆಲ ನೋಡುವಂತೆ ಹೊರಳಿಸಿ, ಕಡೆಗೆ ಎಬ್ಬಿಸಿ ಕೂರಿಸುತ್ತಾರೆ. ಹರಳುಗಳು ನಾಳವನ್ನು ಸುತ್ತಿಕೊಂಡು ಹೊರಬಿದ್ದು ತಮ್ಮ ಚೀಲಕ್ಕೆ ಹಿಂದಿರುಗುತ್ತವೆ. ಹತ್ತು ನಿಮಿಷದ ಕೆಲಸ; ಬಹುಪಾಲು ಜನಕ್ಕೆ ಒಂದೆರಡು ಸಲಕ್ಕೇ ಗುಣ. ಇಂಥ ರೋಗಿಗಳಲ್ಲಿ ಎಷ್ಟೋ ಮಂದಿ ಎಕ್ಸ್‌ರೇ ತೆಗೆಸಿಕೊಂಡು, ಕತ್ತಿನ ಮೂಳೆ ಸವೆದಿದೆಯೆಂದು ಹೇಳಿಸಿಕೊಂಡು, ಕೊರಳಿಗೆ ಪಟ್ಟಿ ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡುತ್ತಿರುವುದನ್ನು ನೋಡಿದಾಗ ಮನಸ್ಸಿಗೆ ಬಹಳ ವ್ಯಸನವಾಗುತ್ತದೆ. ಐವತ್ತು ದಾಟಿದವರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಾಣದಿದ್ದರೆ ಅದೇ ಅಪರೂಪ, ಕಂಡದ್ದೆಲ್ಲ ಕಾರಣವಾಗಲಾರದು.

ಔಷಧಿಯೇ ಈ ನರಾಂಗವನ್ನು ಕೊಲ್ಲುವ ಸಂದರ್ಭವೂ ಉಂಟು. ಕ್ಷಯಕ್ಕೆ ಬಹುಕಾಲ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್, ಇಂದಿಗೂ ಬಳಕೆಯಲ್ಲಿರುವ ಜೆಂಟಾಮೈಸಿನ್, ಇವು ಎರಡು ಕಿವಿಗಳ ರೋಮಕೋಶಗಳನ್ನೂ ಒಟ್ಟಿಗೆ ನಾಶಮಾಡಬಲ್ಲವು. ಎರಡೂ ಸಮವಾಗಿ ಕೆಡುವುದರಿಂದ ಲೋಕ ತಿರುಗುವುದಿಲ್ಲ. ಹೆಜ್ಜೆಯಿಟ್ಟಾಗಲೆಲ್ಲ ಕಣ್ಣೆದುರಿನ ಲೋಕ ಕುಲುಕುತ್ತದೆ. 1952ರಲ್ಲಿ ಅಮೆರಿಕದ ಒಬ್ಬ ವೈದ್ಯನು, ಸ್ಟ್ರೆಪ್ಟೊಮೈಸಿನ್ನಿನಿಂದ ತನಗೇ ಹೀಗಾದುದನ್ನು ಹೆಸರಿನ ಮೊದಲಕ್ಷರಗಳನ್ನು ಮಾತ್ರ ಕೊಟ್ಟು ಬರೆದನು: ಹಾಸಿಗೆಯಲ್ಲಿ ಪುಸ್ತಕ ಓದಹೊರಟರೆ ತನ್ನ ನಾಡಿಯ ಮಿಡಿತಕ್ಕೇ ಅಕ್ಷರಗಳು ಕುಣಿಯುತ್ತಿದ್ದುದರಿಂದ, ಮಂಚದ ಎರಡು ಕಬ್ಬಿಣದ ಸರಳುಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡು ಓದಬೇಕಾಯಿತಂತೆ. ಇಂಥ ಚುಚ್ಚುಮದ್ದು ಪಡೆಯುತ್ತಿರುವವರು ಕತ್ತಲಲ್ಲಿ ತೂರಾಡತೊಡಗಿದರೆ ಆ ದಿನವೇ ವೈದ್ಯರಿಗೆ ತಿಳಿಸತಕ್ಕದ್ದು.

ಪಿತ್ತವೆಂಬ ಮಾತನ್ನು ನಾನು ಹಳಿಯುವವನಲ್ಲ. ಮಾಧವನಿದಾನವು ಭ್ರಮವೆಂಬ ರೋಗವನ್ನು ರಜೋಗುಣ, ಪಿತ್ತ, ವಾತಗಳ ಕೂಟದಿಂದ ಹುಟ್ಟಿದುದೆಂದು ಹೇಳುತ್ತದೆ. ನಮ್ಮ ಅಜ್ಜಿಯರ ಬಾಯಲ್ಲಿ ಉಳಿದಿರುವುದು ಆ ಪರಂಪರೆಯ ಒಂದು ಎಳೆ. ಶುಂಠಿಯ ಕಷಾಯದಿಂದ ಓಕರಿಕೆ ತಗ್ಗುವುದೂ ಸುಳ್ಳಲ್ಲ. ಪಿತ್ತವೆಂದು ಹೆಸರಿಟ್ಟು ವಿಚಾರವನ್ನು ಅಲ್ಲಿಗೇ ಮುಗಿಸುವುದನ್ನು ಮಾತ್ರ ಒಪ್ಪಲಾರೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ನರದ ಸೂಕ್ಷ್ಮ ಪರೀಕ್ಷೆಗಳಿಗೆ ಏರ್ಪಾಡುಂಟು. ಮೆದುಳಿನ ಶಂಕೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಕೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಯೋಜನೆಯು ಪ್ರಾಥಮಿಕ ಕೇಂದ್ರಗಳ ವೈದ್ಯರಿಗೂ ನರರೋಗಗಳನ್ನು ಗುರುತಿಸುವ ಶಿಕ್ಷಣ ಕೊಡುವ ಉದ್ದೇಶವುಳ್ಳದ್ದು. ಆ ಶಿಕ್ಷಣದಲ್ಲಿ ತಲೆ ಹೊರಳಿಸುವ ಪರೀಕ್ಷೆಗೂ ಎಪ್ಲಿಯ ಕ್ರಮಕ್ಕೂ ಒಂದು ದಿನವನ್ನು ಮೀಸಲಿಟ್ಟರೆ ಹೋಬಳಿಯ ಆಸ್ಪತ್ರೆಯಲ್ಲಿಯೇ ಎಷ್ಟೋ ಜನ ಗುಣವಾದಾರು. ಇದಕ್ಕೆ ಬೇಕಾದದ್ದು ಗೋಡೆಯಿಂದ ಈಚೆಗೆ ಎಳೆದಿಟ್ಟ ಒಂದು ಮಂಚವೂ ಕಲಿತ ಕೈಗಳೂ ಮಾತ್ರ.

ರೋಗಿಯ ಕಡೆಯವರು ಮಾಡಬಹುದಾದ ಒಂದು ಕೆಲಸವನ್ನು ಇಲ್ಲಿ ಸೇರಿಸಬೇಕು. ವೈದ್ಯರನ್ನು ಕಾಣುವ ಹೊತ್ತಿಗೆ ತಲೆಸುತ್ತು ನಿಂತು, ಕಣ್ಣಿನ ಅಲುಗಾಟವೂ ಮಾಯವಾಗಿರುವುದು ಸಾಮಾನ್ಯ. ಈಗ ಪ್ರತಿ ಮನೆಯಲ್ಲಿಯೂ ಮೊಬೈಲ್ ಇದೆ. ತಲೆ ಸುತ್ತುತ್ತಿರುವಾಗಲೇ ರೋಗಿಯ ಎರಡು ಕಣ್ಣುಗಳೂ ತುಂಬ ಕಾಣುವಂತೆ ಹತ್ತಿರದಿಂದ, ಬೆಳಕಿನಲ್ಲಿ, ಅರ್ಧ ನಿಮಿಷದ ವಿಡಿಯೋ ತೆಗೆದಿಟ್ಟುಕೊಳ್ಳಿ: ಮೊದಲು ನೇರವಾಗಿ ನೋಡುವಾಗ, ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಮಲಗಿದ್ದಾಗ ಬಂತೋ ಎದ್ದಾಗ ಬಂತೋ, ಕಿವಿಯಲ್ಲಿ ವ್ಯತ್ಯಾಸವಾಯಿತೋ ಇಲ್ಲವೋ, ಈಗ ಯಾವ ಯಾವ ಗುಳಿಗೆ ನುಂಗುತ್ತಿದ್ದಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಹಳೆಯ ಔಷಧಿ ಚೀಟಿಗಳೊಡನೆ ವೈದ್ಯರ ಮೇಜಿನ ಮೇಲಿಡಿ.